ದಿನದ ಮೊದಲ ಬೆಸುಗೆ

ಪರದೆಯ ಮೇಲೆ ಮತ್ತೆ ಅದೇ ಮುಳ್ಳು ಎದ್ದಾಗ ನಾನು ಮೊದಲು ಬೈದದ್ದು ಯಂತ್ರವನ್ನು, ಆಮೇಲೆ ಬಿಸಿಲನ್ನು. ಬೆಸುಗೆ ಹಾಕಿದ ಮನುಷ್ಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನನ್ನ ಮುಖ ನೋಡುತ್ತಿದ್ದರು, ಹಾಗಾಗಿ ಅವರನ್ನು ಬೈಯಲು ನಾಲಿಗೆ ಏಳಲಿಲ್ಲ.

ಮಾನ್ವಿಯಿಂದ ಮುಂದೆ, ಹತ್ತಿ ಕಿತ್ತು ಬರಿದಾದ ಕರಿ ಹೊಲಗಳ ನಡುವೆ ಹೊಸ ರೈಲು ಹಳಿ ಹಾಕುವ ಕೆಲಸ ನಡೆದಿತ್ತು. ಒಂದು ಹಳಿಯ ತುದಿಯನ್ನು ಇನ್ನೊಂದರ ತುದಿಗೆ ಬೆಸೆಯುತ್ತ ಹೋಗುವುದು ಗ್ಯಾಂಗಿನ ಕೆಲಸ. ಬೆಸೆದ ಜಾಗದೊಳಗೆ ಬಿರುಕೋ ಟೊಳ್ಳೋ ಉಳಿದಿದೆಯೇ ಎಂದು ನೋಡುವುದು ನನ್ನ ಕೆಲಸ. ಕಿವಿಗೆ ಕೇಳದಂಥ ಶಬ್ದವನ್ನು ಉಕ್ಕಿನೊಳಕ್ಕೆ ಕಳಿಸಿದರೆ, ಟೊಳ್ಳಿದ್ದ ಕಡೆ ಅದು ಬಡಿದು ವಾಪಸ್ ಬರುತ್ತದೆ, ಪರದೆಯ ಮೇಲೆ ಮುಳ್ಳಿನಂಥ ಗೆರೆ ಏಳುತ್ತದೆ. ದವಾಖಾನೆಯಲ್ಲಿ ಬಸುರಿಯರ ಹೊಟ್ಟೆ ನೋಡುತ್ತಾರಲ್ಲ, ಅದೇ ವಿದ್ಯೆ. ಗ್ಯಾಂಗಿನವರು ನನಗೆ ಹಳಿ ಡಾಕ್ಟರಮ್ಮ ಎಂದು ಹೆಸರಿಟ್ಟಿದ್ದರು. ನಾನು ಬಂದರೆ ಯಾರಿಗಾದರೂ ಕೆಟ್ಟ ಸುದ್ದಿ ಗ್ಯಾರಂಟಿ ಎಂಬ ಅರ್ಥವೂ ಅದರಲ್ಲಿ ಇದ್ದೀತು.

ಬೆಸುಗೆಗಾರರು ದೇವದುರ್ಗದವರು, ಐವತ್ತು ದಾಟಿದವರು. ನಾನು ಅವರನ್ನು ಯಪ್ಪಾ ಎಂದೇ ಕರೆಯುತ್ತಿದ್ದೆ. ಈ ಕೆಲಸ ಮಾಡಲು ಪರೀಕ್ಷೆ ಪಾಸಾದ ಪ್ರಮಾಣಪತ್ರ ಬೇಕು. ಬೆಸುಗೆಗಳು ಮೇಲಿಂದ ಮೇಲೆ ಕೆಟ್ಟರೆ ಆ ಪತ್ರ ಕಿತ್ತುಕೊಳ್ಳುತ್ತಾರೆ. ಕೂದಲು ನರೆತ ಮನುಷ್ಯನಿಗೆ ಅದನ್ನು ಮತ್ತೆ ಕೊಡಿಸಲು ಯಾವ ಗುತ್ತಿಗೆದಾರನೂ ಓಡಾಡುವುದಿಲ್ಲ. ಪತ್ರ ಇದ್ದರೆ ಅವರು ಬೆಸುಗೆಗಾರ, ಇಲ್ಲದಿದ್ದರೆ ಜಲ್ಲಿ ಹೊರುವ ಕೂಲಿ. ಆ ಬೇಸಿಗೆಯಲ್ಲಿ ಅವರ ಪತ್ರ ನನ್ನ ಪರದೆಯ ಮುಳ್ಳಿಗೆ ಸಿಕ್ಕಿಕೊಂಡಿತ್ತು.

ಬೆಸುಗೆಯ ಬಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಎರಡು ಹಳಿಗಳ ನಡುವೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಅದರ ಸುತ್ತ ಮರಳಿನ ಅಚ್ಚು ಕಟ್ಟಿ, ಅಚ್ಚಿನ ಅಂಚಿಗೆಲ್ಲ ಮಣ್ಣು ಮೆತ್ತುತ್ತಾರೆ. ಗ್ಯಾಸಿನ ಬೆಂಕಿಯಿಂದ ಹಳಿಯ ತುದಿ ಕೆಂಪಗಾಗುವವರೆಗೆ ಕಾಯಿಸುತ್ತಾರೆ. ಮೇಲೆ ಮೂಸೆ ಕೂರಿಸುತ್ತಾರೆ. ಅದು ತಳದಲ್ಲಿ ತೂತಿರುವ, ಒಳಗೆ ಬೆಂಕಿ ತಾಳುವ ಲೇಪ ಇರುವ ದಪ್ಪ ಪಾತ್ರೆ. ಅದರೊಳಕ್ಕೆ ಒಂದು ಚೀಲ ಪುಡಿ ಸುರಿಯುತ್ತಾರೆ. ಪುಡಿಯಲ್ಲಿ ಇರುವುದು ಮುಖ್ಯವಾಗಿ ಎರಡೇ: ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ಜಾತಿಯದು, ಮತ್ತು ಅಲ್ಯುಮಿನಿಯಂ. ಆಮ್ಲಜನಕದ ಮೇಲೆ ಅಲ್ಯುಮಿನಿಯಂಗೆ ಇರುವ ಆಸೆ ಕಬ್ಬಿಣಕ್ಕಿಲ್ಲ. ಒಂದು ಸುರುಸುರುಬತ್ತಿ ಹಚ್ಚಿ ಒಳಗೆ ಚುಚ್ಚಿದರೆ ಸಾಕು, ಅಲ್ಯುಮಿನಿಯಂ ಕಬ್ಬಿಣದ ಕೈಯಲ್ಲಿದ್ದ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಆ ಕಸಿದಾಟದಲ್ಲಿ ಹುಟ್ಟುವ ಕಾವಿಗೆ ಕಬ್ಬಿಣ ನೀರಾಗಿ ತಳಕ್ಕಿಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ. ತೂತಿನ ಬಿರಡೆ ಕರಗಿ ಬಿಳಿಯ ಉಕ್ಕು ಅಚ್ಚಿಗೆ ಬಿದ್ದು ಎರಡು ಹಳಿ ಒಂದಾಗುತ್ತವೆ. ಎಲ್ಲ ಅರೆ ನಿಮಿಷದ ಆಟ.

ಈ ಆಟ ಕೆಡಲು ದಾರಿ ಬಹಳ. ನಾನು ಒಂದೊಂದೇ ದಾರಿ ಹಿಡಿದು ಹೋದೆ. ಸಂದಿನ ಅಳತೆ ತಪ್ಪಿದೆಯೇ ನೋಡಿದೆ, ಸರಿಯಿತ್ತು. ಕಾಯಿಸುವುದು ಕಡಿಮೆಯಾಯಿತೇ ಎಂದು ಗ್ಯಾಸಿನ ಒತ್ತಡ ನೋಡಿದೆ, ಅದೂ ಸರಿಯಿತ್ತು. ಪುಡಿಯ ಚೀಲಗಳು ಹಳೆಯವೇನೋ ಎಂದು ಹೊಸ ಪೆಟ್ಟಿಗೆ ಒಡೆಸಿದೆ. ಆದರೂ ಮುಳ್ಳು ಏಳುವುದು ನಿಲ್ಲಲಿಲ್ಲ. ಕೆಟ್ಟ ಬೆಸುಗೆಯೊಂದನ್ನು ಕತ್ತರಿಸಿ ನೋಡಿದಾಗ ಒಳಗೆ ಸಣ್ಣ ಸಣ್ಣ ತೂತು. ಹೀಗೆ ತೂತು ಬೀಳುವುದು ಎಲ್ಲಿಯೋ ತೇವ ಸೇರಿದಾಗ. ಅದೇ ನನ್ನ ತಲೆ ತಿಂದದ್ದು. ಮಾನ್ವಿಯ ಬೇಸಿಗೆಯಲ್ಲಿ ಮನುಷ್ಯರ ಬಾಯಲ್ಲೇ ಎಂಜಲು ಒಣಗಿರುತ್ತದೆ, ಮೂಸೆಗೆ ತೇವ ಎಲ್ಲಿಂದ ಬರಬೇಕು?

ಗುತ್ತಿಗೆದಾರರ ಮ್ಯಾನೇಜರ್‌ಗೆ ಇಷ್ಟೆಲ್ಲ ಬೇಕಿರಲಿಲ್ಲ. "ಮೇಡಂ, ಅಧಿಕಾರಿಗಳು ನೋಡಾಕ ಬರೋ ಟೈಮ್ ಆತು. ಬೆಸುಗೆಗಾರನ ಕೈ ಸರಿ ಇಲ್ಲ ಅಂತ ಬರದು ಕೊಡ್ರಿ, ನಾ ಕರ್ನೂಲಿಂದ ಬ್ಯಾರೆಯವನ್ನ ಕರಸ್ತೀನಿ," ಎಂದರು. ಬರೆಯಲು ಒಂದು ಸಾಲು ಸಾಕಾಗಿತ್ತು. ಆದರೆ ಅದೇ ಕೈ ಅದೇ ದಿನ ಮಧ್ಯಾಹ್ನ ಹಾಕಿದ ಬೆಸುಗೆಗಳು ಕನ್ನಡಿಯ ಹಾಗೆ ಚೊಕ್ಕ ಇದ್ದವು. ಬೆಳಿಗ್ಗೆ ಕೆಟ್ಟು ಮಧ್ಯಾಹ್ನ ಸರಿಹೋಗುವ ಕೈ ಯಾವುದು? ಎರಡು ದಿನ ತಡೀರಿ ಅಂದೆ. ಅವರು ಹಣೆ ಚಚ್ಚಿಕೊಂಡು ಜೀಪು ಹತ್ತಿದರು.

ಗೊತ್ತಾದದ್ದು ಒಂದು ಚಿಂದಿಯಿಂದ. ಯಂತ್ರದ ತುದಿ ಹಳಿಯ ಮೇಲೆ ಜಾರಬೇಕಾದರೆ ಮೊದಲು ಧೂಳು ಒರೆಸಿ, ಮೇಲೆ ನೀರು ಹಾಕಬೇಕು. ಕೆಟ್ಟ ಬೆಸುಗೆಯೊಂದರ ಪಕ್ಕ ಒರೆಸಿದ ಬಟ್ಟೆ ಕೆಂಪಾಯಿತು. ಹಳಿಯ ಹೊಟ್ಟೆಯ ಮೇಲೆ ಕುಂಕುಮ. ಹಿಂದೆ ಹೋಗಿ ಕೆಟ್ಟದ್ದೆಂದು ಗುರುತು ಮಾಡಿದ್ದ ಬೆಸುಗೆಗಳನ್ನೆಲ್ಲ ಮತ್ತೆ ನೋಡಿದೆ. ಎಲ್ಲದರ ಪಕ್ಕವೂ ಕುಂಕುಮ ಇತ್ತು. ಒಳ್ಳೆಯದರ ಪಕ್ಕ ಒಂದರಲ್ಲೂ ಇರಲಿಲ್ಲ. ನೆತ್ತಿಯ ಮೇಲೆ ಸೂರ್ಯ, ಕೈಯಲ್ಲಿ ಕೆಂಪು ಚಿಂದಿ, ನನಗೆ ನಗುವೂ ಬಂತು, ಹೆದರಿಕೆಯೂ ಆಯಿತು.

"ಯಪ್ಪಾ, ಈ ಕುಂಕುಮ ಯಾವುದಕ್ಕ ಹಚ್ಚತೀರಿ?" ಎಂದು ಕೇಳಿದೆ.

"ದಿನಾ ಮುಂಜಾನಿ ಮೊದಲನೇದಕ್ಕ ರೀ. ಎಲ್ಲಾದಕ್ಕೂ ಹಚ್ಚಕೋತ ಕುಂತ್ರ ಕೆಲಸ ಆಗ್ತದೇನ್ರಿ?" ಎಂದು ನಕ್ಕರು.

ನಾನು ದಿನವೂ ರಾಯಚೂರಿನಿಂದ ಬಸ್ಸಿನಲ್ಲಿ ಬರುವವಳು. ನಾನು ಮುಟ್ಟುವ ಹೊತ್ತಿಗೆ ಮೊದಲ ಬೆಸುಗೆ ಆಗಿ ಆರಿರುತ್ತಿತ್ತು. ಅವರು ಪೂಜೆ ಮಾಡುತ್ತಾರೆಂದು ಗೊತ್ತಿತ್ತು, ಒಡೆದ ಕಾಯಿಯ ಚೂರು ನನಗೂ ಸಿಗುತ್ತಿತ್ತು. ಪೂಜೆ ಕಣ್ಣಾರೆ ನೋಡಿರಲಿಲ್ಲ. ಮರುದಿನ ಮೊದಲ ಬಸ್ಸು ಹಿಡಿದು ಬಂದೆ.

ಮೂಸೆಯನ್ನು ಮೊದಲು ಬೆಂಕಿ ಕೊಟ್ಟು ಒಣಗಿಸಿದರು. ನಿಯಮದಂತೆಯೇ ಇತ್ತು, ಒಂದು ತಪ್ಪಿಲ್ಲ. ಅದು ಆರುವವರೆಗೆ ಅಚ್ಚು ಕಟ್ಟಿದರು. ಆಮೇಲೆ ಹಳಿಗೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಕಾಯಿ ಒಡೆದರು. ಇಲ್ಲಿಗೆ ಮುಗಿದಿದ್ದರೆ ಯಾರಿಗೇನು ತೊಂದರೆ? ಯಪ್ಪ ಅಂಗಿಯ ಒಳಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದು, ಅದರ ಮುಚ್ಚಳದ ತುಂಬ ನೀರು ಬಗ್ಗಿಸಿ, ಕಣ್ಣಿಗೆ ಒತ್ತಿಕೊಂಡು ಮೂಸೆಯೊಳಗೆ ಹಾಕಿದರು. ಅದೇ ನೀರಿನಲ್ಲಿ ವಿಭೂತಿ ಕಲಸಿ ಒಳಗೋಡೆಗೆ ಮೂರು ಬೆರಳು ಎಳೆದರು. ಅದರ ಮೇಲೆ ಪುಡಿ ಸುರಿದರು. ಬತ್ತಿ ಚುಚ್ಚಿದಾಗ ಮೂಸೆ ಗೊರಗೊರ ಎಂದು ಉಗುಳಿತು, ಕಿಡಿಗಳು ಅದರ ಮುಚ್ಚಳ ದಾಟಿ ಹಾರಿದವು. "ಮೊದಲನೇದು ಯಾವಾಗಲೂ ಹಂಗs ರೀ, ಸಿಟ್ಟು ಮಾಡ್ತದ," ಎಂದ ಪಕ್ಕದಲ್ಲಿದ್ದವನು.

ಅಲ್ಲೇ ಹೇಳಿಬಿಟ್ಟೆ. ಸಮಯ ನೋಡಿ ಹೇಳಬೇಕಿತ್ತು, ಆದರೆ ಆ ಗೊರಗೊರ ಕೇಳಿದ ಮೇಲೆ ತಡೆಯಲಾಗಲಿಲ್ಲ. "ಯಪ್ಪಾ, ಅಲ್ಯುಮಿನಿಯಂ ಆಮ್ಲಜನಕ ಎಲ್ಲಿದ್ರೂ ಬಿಡಂಗಿಲ್ಲ. ತುಕ್ಕಿನ್ಯಾಗಿದ್ರ ತುಕ್ಕಿನಿಂದ ಕಸಗೊಂತದ, ನೀರಿನ್ಯಾಗಿದ್ರ ನೀರಿನಿಂದ ಕಸಗೊಂತದ. ನೀರಿನ್ಯಾಗಿನ ಇನ್ನೊಂದು ಗಾಳಿ ಉಳೀತದಲ್ಲ, ಅದು ಕಾದ ಕಬ್ಬಣದಾಗ ಹೊಕ್ಕು ಕುಂಡರ್ತದ. ತಣ್ಣಗಾಗೂ ಹೊತ್ತಿಗೆ ಹೊರಗ ಬರಾಕ ಹೋಗಿ ಒಳಗೆಲ್ಲ ತೂತು ಮಾಡ್ತದ. ಮೂಸಿಯೊಳಗ ನೀರ ಹಾಕಬ್ಯಾಡ್ರಿ."

ಯಪ್ಪ ಬಾಟಲಿಯ ಮುಚ್ಚಳ ತಿರುಗಿಸಿ ಜೇಬಿಗೆ ಹಾಕಿಕೊಂಡರು. ಮಾತಾಡಿದ್ದು ಗ್ಯಾಂಗಿನ ಮುಖ್ಯಸ್ಥ. "ಮೇಡಂ, ನಿಮ್ಮ ಯಂತ್ರ ಹಚ್ಚೂ ಮುಂದ ನೀವು ಹಳಿ ಮ್ಯಾಲೆ ನೀರ ಹಾಕತೀರಿ. ನಿಮ್ಮ ನೀರಿಗೆ ಏನೂ ಆಗಂಗಿಲ್ಲ, ದೇವಸುಗೂರಿನ ಗುಡಿ ನೀರಿಗೇ ಕೆಡ್ತದೇನ್ರಿ?"

ನನ್ನದು ಆರಿದ ಹಳಿಯ ಮೇಲಿನ ನೀರು ಎಂದು ಹೇಳುವಷ್ಟರಲ್ಲಿ ಇನ್ನೊಬ್ಬ ಬೆನ್ನು ತಿರುಗಿಸಿ, ನನಗೆ ಕೇಳಲೆಂದೇ ಹೇಳಿದ: "ಅವರ ಮನ್ಯಾಗ ದೇವರಿಲ್ಲ, ನಮ್ಮ ದೇವರ ಮ್ಯಾಲೆ ಹೇಳಾಕತ್ತಾರ." ನಮ್ಮ ಮನೆಯಲ್ಲಿ ಬುದ್ಧನ ಮೂರ್ತಿ ಬಿಟ್ಟು ಬೇರೆ ಪೂಜೆ ಇಲ್ಲವೆಂಬುದು ಅವರಿಗೆಲ್ಲ ಗೊತ್ತಿತ್ತು. ನನ್ನ ಅಜ್ಜಿ ಹಳಿಯ ಪಕ್ಕ ಮಣ್ಣು ಹೊತ್ತವಳು, ನಾನು ಅಂಥದೇ ಹಳಿಯನ್ನು ಯಂತ್ರ ಹಿಡಿದು ನೋಡುವವಳು. ಇಷ್ಟಾದರೂ ನಾನು ಏನೇ ಹೇಳಿದರೂ ಮೊದಲು ಯಾರು ಹೇಳಿದರು ಎಂದು ನೋಡುತ್ತಾರಲ್ಲ, ಅದು ಬೇಸರ. ಆವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ರಾಯಚೂರಿನವರೆಗೆ ಕಣ್ಣು ಮುಚ್ಚಿಕೊಂಡೇ ಬಂದೆ. ಕೆಲಸ ಬಿಡುವ ಯೋಚನೆಯೂ ಬಂದಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಯಪ್ಪ ಕೆಲಸಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮ್ಯಾನೇಜರ್ ಫೋನು ಮಾಡಿ, "ತಾನಾಗೇ ಹೋದ, ಭೇಷಾತು. ಆ ಒಂದು ಸಾಲು ಬರದುಬಿಡ್ರಿ," ಎಂದರು. ರಜೆಯ ದಿನ ನಾನು ಮನೆಯಲ್ಲಿ ಮಲಗಬೇಕಿತ್ತು. ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆ.

ಮನೆಯ ಕಟ್ಟೆಯ ಮೇಲೆ ಯಪ್ಪನ ತಮ್ಮ ಕೂತಿದ್ದ. ಮುಖದ ಒಂದು ಪಕ್ಕ ಸುಟ್ಟು ಚರ್ಮ ಎಳೆದುಕೊಂಡಿತ್ತು, ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಯಪ್ಪ ಒಳಗಿನಿಂದ ಬಂದು ನನ್ನನ್ನು ನೋಡಿ, ಬರ್ರಿ ಎನ್ನಲೂ ಆಗದೆ ಹೋಗ್ರಿ ಎನ್ನಲೂ ಆಗದೆ ನಿಂತರು. ಕೊನೆಗೆ ಚಾಪೆ ಹಾಸಿ ನೀರು ಕೊಟ್ಟರು.

"ಇವನ್ನ ನೋಡ್ರಿ," ಎಂದರು. "ನನ್ನ ಕೈಕೆಳಗ ಕೆಲಸ ಮಾಡ್ತಿದ್ದ. ಮೂಸಿ ಉಕ್ಕಿ ಮೈಮ್ಯಾಲೆ ಬಂತು. ಆವಾಗಿಂದ ಅಮಾಸಿಗೊಮ್ಮೆ ದೇವಸುಗೂರಿಗೆ ಹೋಗಿ ನೀರ ತರ್ತೀನಿ. ನನ್ನ ಗ್ಯಾಂಗಿನ್ಯಾಗ ಇನ್ನೊಬ್ಬಗ ಹಿಂಗಾಗಬಾರದು ಅಂತ. ನಿಮಗ ಅದು ಬರೇ ನೀರು."

ನಾನು ಲೋಟ ಕೆಳಗಿಟ್ಟೆ. ತಮ್ಮನ ಕಡೆ ತಿರುಗಿ, ಅದು ಯಾವ ಕಾಲ ಎಂದು ಕೇಳಿದೆ.

"ಮಳಿಗಾಲ ರೀ. ಮೂಸಿ ರಾತ್ರೆಲ್ಲ ಹೊರಗs ಬಿದ್ದಿತ್ತು. ಮುಂಜಾನಿ ಅವಸರ ಮಾಡಿದ್ರು, ಒಣಗಸಾಕ ಟೈಮ್ ಕೊಡಲಿಲ್ಲ," ಎಂದ ಅವನು.

ತಮ್ಮನನ್ನು ಸುಟ್ಟದ್ದು ಮೂಸೆಯ ತೇವ. ತಮ್ಮ ಸುಟ್ಟನೆಂದು ಅಣ್ಣ ದಿನಾ ಮುಂಜಾನೆ ಒಣ ಮೂಸೆಗೆ ಕೈಯಾರೆ ತೇವ ಹಾಕುತ್ತಿದ್ದಾರೆ. ಇದನ್ನು ಆ ಚಾಪೆಯ ಮೇಲೆ, ಆ ಮುಖದ ಮುಂದೆ ಹೇಳುವುದು ನನ್ನಿಂದಾಗಲಿಲ್ಲ. ಹೇಳಿದರೂ ಅದು ನನ್ನ ಮಾತಾಗುತ್ತಿತ್ತು, ನನ್ನ ಮಾತಿನ ಬೆಲೆ ಎಷ್ಟೆಂದು ನೋಡಿಯಾಗಿತ್ತು. ಅಲ್ಲಿ ಕೂತೇ ನಿರ್ಧಾರ ಮಾಡಿದೆ. ಮಾತು ಬೇಡ, ಬೆಸುಗೆಯೇ ಹೇಳಲಿ.

"ಯಪ್ಪಾ, ರಾಯಚೂರಿನ ಶೆಡ್ಡಿಗೆ ಬರ್ರಿ. ಹಳೇ ಹಳಿ ತುಂಡಿನ ಮ್ಯಾಲೆ ನೀವs ಎರಡು ಬೆಸುಗೆ ಹಾಕ್ರಿ. ಒಂದಕ್ಕ ನೀರ ಹಾಕ್ರಿ, ಒಂದಕ್ಕ ಬ್ಯಾಡ. ಎರಡೂ ಮುರದು ನೋಡೂಣು. ನನ್ನ ಮಾತು ಸುಳ್ಳಾದ್ರ ನಾ ಇನ್ನೊಮ್ಮೆ ಬಾಯಿ ತೆಗೆಯಂಗಿಲ್ಲ."

ಯಪ್ಪ ತಮ್ಮನ ಕಡೆ ನೋಡಿ, "ದೇವರನ್ನ ಪರೀಕ್ಷಾ ಮಾಡಬಾರದ್ರಿ," ಎಂದರು.

"ದೇವರನ್ನಲ್ಲ, ಮೂಸಿಯನ್ನ," ಎಂದೆ. ಅವರು ನಗಲಿಲ್ಲ. ಆದರೆ ಬಂದರು.

ಶೆಡ್ಡಿನ ತಗಡಿನ ಕೆಳಗೆ ಹೊರಗಿಗಿಂತ ಹೆಚ್ಚು ಸೆಕೆ. ಗ್ಯಾಂಗಿನವರೆಲ್ಲ ಬಂದಿದ್ದರು. ಒಂದೇ ಪೆಟ್ಟಿಗೆಯ ಎರಡು ಚೀಲ, ಒಂದೇ ಹೊತ್ತು ಒಣಗಿಸಿದ ಎರಡು ಮೂಸೆ, ಒಂದೇ ಅಳತೆಯ ಸಂದು. ಯಾವುದಕ್ಕೆ ನೀರು ಎಂಬುದನ್ನು ಯಪ್ಪನೇ ಆರಿಸಿದರು. ನೀರು ಹಾಕಿದ್ದಕ್ಕೆ ಬತ್ತಿಯನ್ನು ಉದ್ದ ಸರಳಿಗೆ ಕಟ್ಟಿಸಿ, ಎಲ್ಲರನ್ನೂ ಹಿಂದೆ ಸರಿಸಿದೆ. ಅದು ಉಗುಳಿತು, ಕಿಡಿ ತಗಡಿಗೆ ಬಡಿಯಿತು. ಎರಡನೆಯದು ಹದವಾಗಿ ಕುದಿದು ಇಳಿಯಿತು. ಅಚ್ಚು ಒಡೆದು, ಹೆಚ್ಚಿನ ಉಕ್ಕು ಕೆತ್ತಿ, ಆರಲು ಬಿಟ್ಟೆವು. ಆರುವವರೆಗೆ ಚಹಾ ತಂದವನಿಗೂ ಯಾರೂ ಕೈ ಚಾಚಲಿಲ್ಲ.

ಮುರಿಯಲು ಜಾಕ್ ಒತ್ತಿದಾಗ ಒಣ ಮೂಸೆಯದು ಬಾಗಿ ಬಾಗಿ, ಸಾಕಷ್ಟು ಸತಾಯಿಸಿ ಮುರಿಯಿತು. ಮುರಿದ ಮುಖ ಬೂದುಬಣ್ಣ, ಒತ್ತಾದ ಕಣ. ನೀರಿನದು ಅರ್ಧ ಒತ್ತಡಕ್ಕೇ ಟಕ್ ಎಂದಿತು. ಅದರ ಮುಖದ ತುಂಬ ತೂತು, ಕೆಲವಕ್ಕೆ ಜೋಳದ ಕಾಳು ಹಿಡಿಸುವಷ್ಟು ಜಾಗ. ಗ್ಯಾಂಗಿನ ಮುಖ್ಯಸ್ಥ ಬಗ್ಗಿ ನೋಡಿದವನು ನನ್ನ ಕಡೆ ನೋಡದೆ ಹೊರಗೆ ಹೋದ.

ಯಪ್ಪ ಆ ತುಂಡಿನ ಮುಂದೆ ಕೂತು ಕಿರುಬೆರಳಿನಿಂದ ತೂತುಗಳನ್ನು ಮುಟ್ಟಿ ನೋಡಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು. "ತಮ್ಮಂದು? ಆವತ್ತೂ ಇದs ಏನ್ರಿ?"

"ಹೌದು ಯಪ್ಪಾ. ಮಳಿ ನೀರು."

"ಯಾರಿಗೂ ಏನೂ ಆಗಬಾರದು ಅಂತ ಹಾಕ್ತಿದ್ದೆ," ಎಂದರು. ಅಷ್ಟೇ. ನಾನು ಎದ್ದು ತಗಡಿನ ಗೋಡೆಯ ಕಡೆ ಮುಖ ಮಾಡಿ ನಿಂತೆ. ಗೆದ್ದಿದ್ದೆ, ಒಂದು ಚೂರೂ ಸಂತೋಷ ಇರಲಿಲ್ಲ.

ಕೆಲಸದ ಲೆಕ್ಕದಲ್ಲಿ ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಮೂಸೆಯ ತೇವ ಕಾರಣ, ಕಾರಣ ಸಿಕ್ಕಿತು, ಕೆಟ್ಟವನ್ನು ಕತ್ತರಿಸಿ ಮತ್ತೆ ಹಾಕಬಹುದು, ಬೆಸುಗೆಗಾರನ ಕೈ ಸರಿಯಿದೆ ಎಂದು ಬರೆಯಬಹುದು. ಮ್ಯಾನೇಜರ್ ಕೂಡ ಒಪ್ಪಿದರು, ಕರ್ನೂಲಿನವನು ಹೆಚ್ಚು ಕೂಲಿ ಕೇಳಿದ್ದನಂತೆ. ನಾನು ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ಯಪ್ಪ ಶೆಡ್ಡಿನ ಗೇಟಿನವರೆಗೆ ಹಿಂದೆ ಬಂದರು.

"ಮೇಡಂ, ಹೋದ ವರ್ಷದ್ದು ಏನ್ರಿ ಮಾಡೂದು?"

ಹೋದ ವರ್ಷ ರಾಯಚೂರು ಕಡೆಯ ಭಾಗವನ್ನು ಅವರೇ ಬೆಸೆದಿದ್ದರು. ನನಗಿಂತ ಮೊದಲಿದ್ದವರು ಅಲ್ಲೊಂದು ಇಲ್ಲೊಂದು ಬೆಸುಗೆ ಆರಿಸಿ ಪರೀಕ್ಷೆ ಮಾಡಿದ್ದರು, ಎಲ್ಲವನ್ನೂ ನೋಡಿರಲಿಲ್ಲ. ಮಳೆಗಾಲ ದಾಟಿದ ಹಳಿ, ಕುಂಕುಮ ಉಳಿದಿರುವ ಆಸೆಯೂ ಇಲ್ಲ. ಅದು ನನ್ನ ತಲೆಗೆ ಬಂದೇ ಇರಲಿಲ್ಲ. ಜನರ ಗಾಡಿ ಓಡಿಸುವ ತಯಾರಿ ಆ ಭಾಗದಲ್ಲಿ ಆಗಲೇ ನಡೆದಿತ್ತು.

ನಾನು ಚೀಲ ಕೆಳಗಿಟ್ಟೆ. "ಯಪ್ಪಾ, ಸರಿಯಾಗಿ ಕೇಳ್ರಿ. ಇವತ್ತಿಗೆ ನಿಮ್ಮ ಪತ್ರ ಉಳದದ. ಹಳೇದನ್ನ ತೆಗೆದ್ವಿ ಅಂದ್ರ ಅಷ್ಟೂ ನಿಮ್ಮ ಹೆಸರಿನ್ಯಾಗ ಕೆಟ್ಟವು ಅಂತ ಬೀಳ್ತಾವ. ಪತ್ರ ಉಳಿಯಂಗಿಲ್ಲ. ನನ್ನ ಕೈಯಾಗೂ ಏನೂ ಇರಂಗಿಲ್ಲ."

"ಗೊತ್ತದ ರೀ."

"ಮತ್ತ?"

"ಮಂದಿ ಕುಂತು ಹೋಗೂ ಹಳಿ ರೀ ಅದು," ಎಂದರು. ನನಗೇ ಬುದ್ಧಿ ಹೇಳುವ ಧ್ವನಿಯಲ್ಲ, ಸುಸ್ತಾದ ಮನುಷ್ಯ ಊರಿನ ದಾರಿ ಹೇಳುವ ಧ್ವನಿ.

ಹಳೆಯ ಭಾಗದಲ್ಲೂ ದಿನದ ಮೊದಲ ಬೆಸುಗೆಗೆ ನೀರು ಬಿದ್ದಿದೆ ಎಂದು ಬರೆದು ಕೊಟ್ಟೆ. ಮ್ಯಾನೇಜರ್ ನನ್ನನ್ನು ಬೈದ ಮಾತುಗಳನ್ನು ಇಲ್ಲಿ ಹಾಕುವ ಹಾಗಿಲ್ಲ. ಯಪ್ಪನ ಪತ್ರ ಆ ವಾರವೇ ಹೋಯಿತು. ಹಳೆಯ ಭಾಗವನ್ನೆಲ್ಲ ಮತ್ತೆ ಪರೀಕ್ಷೆ ಮಾಡಲು ಆದೇಶ ಬಂತು. ಯಂತ್ರ ಹೊರಲು, ಹಳಿ ಒರೆಸಲು ಒಬ್ಬ ಕೂಲಿಯವನು ಬೇಕೆಂದು ಕೇಳಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಯಪ್ಪನೇ ನಿಂತಿದ್ದರು.

ಎಷ್ಟು ನಡೆದೆವೋ. ಜಲ್ಲಿಯ ಮೇಲೆ ನಡೆದು ನನ್ನ ಹಿಮ್ಮಡಿ ಒಡೆದವು, ಅವರದು ಯಾವಾಗಲೋ ಒಡೆದಿದ್ದವು. ಅವರು ಒರೆಸುವುದು, ನೀರು ಹಾಕುವುದು, ನಾನು ಯಂತ್ರ ಇಟ್ಟು ಪರದೆ ನೋಡುವುದು. ಬಹಳ ಬೆಸುಗೆಗಳು ಚೊಕ್ಕ ಇದ್ದವು. ಅವರು ಪರದೆ ನೋಡುತ್ತಿರಲಿಲ್ಲ, ಪ್ರತಿ ಸಲ ನನ್ನ ಮುಖ ನೋಡುತ್ತಿದ್ದರು. ಮುಖ ನೋಡಿಯೇ ತಿಳಿದುಕೊಂಡು ಮುಂದೆ ಹೋಗುತ್ತಿದ್ದರು.

ಒಂದು ಊರಿನ ಪಕ್ಕ, ಹಳಿ ದಾಟಲು ಜನ ಕಾಲುದಾರಿ ಮಾಡಿಕೊಂಡಿದ್ದ ಜಾಗದಲ್ಲಿ ಮುಳ್ಳು ಎದ್ದಿತು. ಇಲ್ಲಿಯವರೆಗೆ ನಾನು ನೋಡಿದ್ದರಲ್ಲೆಲ್ಲ ಎತ್ತರದ ಮುಳ್ಳು. ತುದಿಯನ್ನು ಆಚೆ ಈಚೆ ಸರಿಸಿದೆ, ಅದು ಇಳಿಯಲಿಲ್ಲ. ನನ್ನ ಮುಖದಲ್ಲಿ ಏನಿತ್ತೋ, ಯಪ್ಪ ಅಲ್ಲೇ ಹಳಿಯ ಮೇಲೆ ಕೈಯೂರಿ ಕೂತುಬಿಟ್ಟರು.

"ಇದರ ಮ್ಯಾಲೆ ಮಂದಿ ಕುಂತ ಗಾಡಿ ಒಂದೂ ಹೋಗಿಲ್ಲಲ್ರೀ?"

"ಇಲ್ಲ ಯಪ್ಪಾ. ಜಲ್ಲಿ ಗಾಡಿ ಬಿಟ್ರ ಬ್ಯಾರೆ ಯಾವುದೂ ಹೋಗಿಲ್ಲ."

"ಒಂದೂ?"

"ಒಂದೂ ಹೋಗಿಲ್ಲ."

ಟವೆಲ್ಲಿನಿಂದ ಮುಖ ಒತ್ತಿಕೊಂಡು ಅಳತೊಡಗಿದರು. ನಾನೂ ಪಕ್ಕದಲ್ಲಿ, ಹಳಿಯಡಿಯ ಸಿಮೆಂಟ್ ಸ್ಲೀಪರಿನ ಮೇಲೆ ಕೂತೆ, ಬೆನ್ನ ಮೇಲೆ ಕೈ ಇಡಬೇಕೆನಿಸಿತು, ಇಟ್ಟೆ. ಸ್ವಲ್ಪ ಹೊತ್ತಿನ ನಂತರ ಅವರು ಎದ್ದು, ನನ್ನ ಕೈಯಲ್ಲಿದ್ದ ಸೀಮೆಸುಣ್ಣ ಇಸಿದುಕೊಂಡು, ತಾವೇ ಹಾಕಿದ ಬೆಸುಗೆಯ ಮೇಲೆ ಕತ್ತರಿಸಬೇಕೆಂಬ ಗುರುತನ್ನು ತಾವೇ ದಪ್ಪಗೆ ಎಳೆದರು. ಆಮೇಲೆ ಯಂತ್ರ ಹೆಗಲಿಗೆ ಹಾಕಿಕೊಂಡು, "ಏಳ್ರಿ ಮೇಡಂ, ಮುಂದಿನದು ನೋಡೂಣು," ಎಂದರು.